ಚಿತ್ರದಲ್ಲಿರುವುದು ಯಾವ ನೊಣ? ಛಾಯಾಚಿತ್ರದಿಂದ ಕಾಡುನೊಣಗಳನ್ನು ಗುರುತಿಸುವ ಬಗೆ



ಜೇನನ್ನು ಕೂಡಿಡುವ ಕೀಟವನ್ನು ಕನ್ನಡಿಗರು ಜೇನುನೊಣವೆಂದೇ ಕರೆಯುತ್ತಾರೆ. ಹಣ್ಣಿಗೆ ಮುತ್ತುವುದೂ ನೊಣ, ಹೂವಿನ ಮೇಲೆ ಕೂರುವುದೂ ನೊಣ. ನಿತ್ಯದ ಮಾತಿಗೆ ಇಷ್ಟು ಸಾಕು. ಆದರೆ ಕೀಟಶಾಸ್ತ್ರದ ಲೆಕ್ಕದಲ್ಲಿ ಜೇನುನೊಣವು ನೊಣವೇ ಅಲ್ಲ; ಅದು ಇರುವೆ ಮತ್ತು ಕಣಜಗಳ ಬಳಗಕ್ಕೆ ಸೇರಿದುದು. ಇತ್ತ, ನೊಣವೆಂದು ಯಾರೂ ಕರೆಯದ ಸೊಳ್ಳೆಯು ನಿಜವಾದ ನೊಣಗಳ ಗಣಕ್ಕೆ ಸೇರಿದುದು. ಹೆಸರಿನ ಈ ಗೊಂದಲ ಕೇವಲ ಪಂಡಿತರ ಚರ್ಚೆಯ ವಿಷಯವೆಂದು ಭಾವಿಸುವಂತಿಲ್ಲ. ಮಾವಿನ ತೋಟದ ಆದಾಯ, ತರಕಾರಿ ಮಡಿಯ ಆರೋಗ್ಯ, ನಗರಗಳ ಮಲೇರಿಯಾ ಇವೆಲ್ಲವೂ ಒಂದು ನೊಣವನ್ನು ಸರಿಯಾಗಿ ಗುರುತಿಸುವುದನ್ನು ಅವಲಂಬಿಸಿರುವ ಸಂದರ್ಭಗಳಿವೆ.

ಇಂದು ಮೊಬೈಲ್ ಫೋನಿನ ಮೂಲಕ ಕ್ಯಾಮೆರಾ ಬಹುತೇಕ ಎಲ್ಲರ ಕೈಗೂ ಬಂದಿದೆ. ಮುಂಬಯಿಯ ಬಾಲ್ಕನಿಯ ತುಳಸಿಯ ಮೇಲೆ, ಪುಣೆಯ ಗುಡ್ಡದ ಹುಲ್ಲಿನ ಮೇಲೆ, ದೆಹಲಿಯ ಉದ್ಯಾನದ ಚೆಂಡುಹೂವಿನ ಮೇಲೆ ಕುಳಿತ ಕೀಟದ ಚಿತ್ರವನ್ನು ಯಾರು ಬೇಕಾದರೂ ತೆಗೆಯಬಹುದು. ಚಿತ್ರ ತೆಗೆದ ಕೂಡಲೇ ಏಳುವ ಪ್ರಶ್ನೆ ಒಂದೇ: ಇದು ಯಾವುದು? ಈ ಪ್ರಶ್ನೆಗೆ ಛಾಯಾಚಿತ್ರವು ಎಷ್ಟು ದೂರದವರೆಗೆ ಉತ್ತರ ಕೊಡಬಲ್ಲದು, ಎಲ್ಲಿ ಅದು ಮೌನ ವಹಿಸುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲು ನೊಣವೆಂದರೇನು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಬಹುಪಾಲು ಹಾರುವ ಕೀಟಗಳಿಗೆ ಎರಡು ಜೊತೆ, ಅಂದರೆ ನಾಲ್ಕು ರೆಕ್ಕೆಗಳಿರುತ್ತವೆ. ನೊಣಗಳಿಗೆ ಇರುವುದು ಒಂದೇ ಜೊತೆ. ಈ ಕಾರಣದಿಂದಲೇ ಇವುಗಳ ಗಣಕ್ಕೆ ಡಿಪ್ಟೆರಾ, ಅಂದರೆ ದ್ವಿರೆಕ್ಕೆಯ ಕೀಟಗಳು ಎಂಬ ಹೆಸರು ಬಂದಿದೆ. ಈ ಲಕ್ಷಣವನ್ನು ಗ್ರೀಸಿನ ಅರಿಸ್ಟಾಟಲನೇ ಗಮನಿಸಿದ್ದನು. ಸ್ವೀಡನ್ನಿನ ಲಿನೀಯಸನು 1758ರಲ್ಲಿ ಅದನ್ನು ವರ್ಗೀಕರಣದ ಚೌಕಟ್ಟಿಗೆ ತಂದನು. ಇಲ್ಲವಾದ ಹಿಂದಿನ ಜೊತೆಯ ಸ್ಥಾನದಲ್ಲಿ ಗುಂಡುತಲೆಯ ಎರಡು ಸಣ್ಣ ಕಡ್ಡಿಗಳಿರುತ್ತವೆ. ಇವುಗಳಿಗೆ ಹಾಲ್ಟಿಯರ್‌ಗಳೆಂದು ಹೆಸರು. ಹಾರುವಾಗ ದೇಹವು ಯಾವ ಕಡೆಗೆ ತಿರುಗುತ್ತಿದೆ, ವಾಲುತ್ತಿದೆ ಎಂಬುದನ್ನು ಇವು ಕ್ಷಣಕ್ಷಣವೂ ತಿಳಿಸುತ್ತವೆ. ನೊಣವನ್ನು ಕೈಯಿಂದ ಹೊಡೆಯಲು ಹೋದವರಿಗೆ ಅದರ ಹಾರಾಟದ ಚಾತುರ್ಯ ಗೊತ್ತೇ ಇದೆ. ಆ ಚಾತುರ್ಯಕ್ಕೆ ಈ ಕಡ್ಡಿಗಳೂ ಒಂದು ಕಾರಣ.

ಜಗತ್ತಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ನೊಣ ಪ್ರಭೇದಗಳಿಗೆ ಇದುವರೆಗೆ ಹೆಸರಿಡಲಾಗಿದೆ. ಭಾರತದಲ್ಲಿ ದಾಖಲಾದವು ಆರು ಸಾವಿರಕ್ಕೂ ಹೆಚ್ಚು. ಮನೆಯೊಳಗೆ ಕಾಟ ಕೊಡುವವು ಇವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಉಳಿದವು ಹೊಲದಲ್ಲಿ, ಹೊಳೆಯ ದಡದಲ್ಲಿ, ಕಾಡಿನ ನೆರಳಿನಲ್ಲಿ ಮನುಷ್ಯನ ಗಮನಕ್ಕೆ ಬಾರದೆ ಬಾಳುತ್ತವೆ. ಹೂಗಳ ಪರಾಗಸ್ಪರ್ಶ ಮಾಡುವವು, ಸತ್ತ ಪ್ರಾಣಿಗಳನ್ನೂ ಸಗಣಿಯನ್ನೂ ಮಣ್ಣಿಗೆ ಸೇರಿಸುವವು, ಬೆಳೆಯ ಶತ್ರುಗಳನ್ನು ತಿನ್ನುವವು ಈ ಗುಂಪಿನಲ್ಲಿವೆ.

ಚಿತ್ರ ನೋಡುವವರು ಮೊದಲು ಬಿಡಿಸಬೇಕಾದ ಒಗಟು ಜೇನುನೊಣವೋ ನೊಣವೋ ಎಂಬುದು. ರೆಕ್ಕೆಗಳನ್ನು ಎಣಿಸಿದರೆ ಆಯಿತಲ್ಲ ಎಂದು ತೋರಬಹುದು. ಆದರೆ ಚಿತ್ರದಲ್ಲಿ ಈ ಎಣಿಕೆ ಮೋಸ ಮಾಡುತ್ತದೆ. ಜೇನುನೊಣದ ಹಿಂದಿನ ರೆಕ್ಕೆಗಳು ಸಣ್ಣ ಕೊಕ್ಕೆಗಳ ಮೂಲಕ ಮುಂದಿನ ರೆಕ್ಕೆಗಳಿಗೆ ತಗುಲಿಕೊಂಡಿರುವುದರಿಂದ ನಾಲ್ಕೂ ಸೇರಿ ಎರಡರಂತೆ ಕಾಣುತ್ತವೆ. ಆದುದರಿಂದ ಮೊದಲು ನೋಡಬೇಕಾದುದು ಕುಡಿಮೀಸೆಗಳನ್ನು. ಜೇನುನೊಣದ ಕುಡಿಮೀಸೆ ಉದ್ದವಾಗಿದ್ದು ಮೊಣಕೈಯಂತೆ ಬಾಗಿರುತ್ತದೆ. ಹೂವಿಗೆ ಬರುವ ಬಹುತೇಕ ನೊಣಗಳ ಕುಡಿಮೀಸೆ ಗಿಡ್ಡ. ಮುಖದ ಮೇಲೆ ಅಂಟಿಸಿದ ಸಣ್ಣ ಮೊಳೆಯಂತಿದ್ದು, ಅದರಿಂದ ಒಂದು ಕೂದಲು ಹೊರಟಿರುತ್ತದೆ. ಎರಡನೆಯದಾಗಿ ಕಣ್ಣುಗಳನ್ನು ನೋಡಬೇಕು. ನೊಣದ ತಲೆಯ ಬಹುಭಾಗವನ್ನು ಕಣ್ಣುಗಳೇ ಆವರಿಸಿರುತ್ತವೆ. ಅನೇಕ ಕುಟುಂಬಗಳ ಗಂಡುನೊಣಗಳಲ್ಲಿ ಎರಡು ಕಣ್ಣುಗಳೂ ನೆತ್ತಿಯಲ್ಲಿ ಒಂದನ್ನೊಂದು ಮುಟ್ಟುತ್ತವೆ. ಮೂರನೆಯದು ಹಿಂಗಾಲು. ಅಲ್ಲಿ ಪರಾಗದ ಉಂಡೆ ಇದ್ದರೆ ಅದು ಜೇನುನೊಣ. ನೊಣವು ಪರಾಗವನ್ನು ಉಂಡೆ ಕಟ್ಟಿ ಒಯ್ಯುವುದಿಲ್ಲ. ಸೊಳ್ಳೆ ಮತ್ತು ಅದರ ಸಮೀಪದ ಬಂಧುಗಳಿಗೆ ಕುಡಿಮೀಸೆ ಉದ್ದವಾಗಿರುವುದರಿಂದ, ಗಿಡ್ಡ ಮೀಸೆಯ ನಿಯಮ ಅವುಗಳಿಗೆ ಅನ್ವಯಿಸದೆಂಬುದನ್ನೂ ನೆನಪಿಡಬೇಕು.

ಈ ಗೊಂದಲವನ್ನು ಹೆಚ್ಚಾಗಿ ಉಂಟುಮಾಡುವುದು ಸಿರ್ಫಿಡ್ ನೊಣಗಳ ಕುಟುಂಬ. ಹಳದಿ ಮತ್ತು ಕಪ್ಪು ಪಟ್ಟೆಗಳ ಇವು ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲಬಲ್ಲವು. ಇವುಗಳಿಗೆ ಕೊಂಡಿಯಿಲ್ಲ, ಕಚ್ಚುವ ಶಕ್ತಿಯೂ ಇಲ್ಲ. ಕೊಂಡಿಯುಳ್ಳ ಕೀಟದ ವೇಷವೇ ಇವುಗಳಿಗೆ ರಕ್ಷಣೆ. ಜೇನುನೊಣದಿಂದ ಒಮ್ಮೆ ಪಾಠ ಕಲಿತ ಹಕ್ಕಿಯು ಅದರ ಹೋಲಿಕೆಯ ನೊಣವನ್ನೂ ಬಿಟ್ಟುಬಿಡುತ್ತದೆ. ರೆಕ್ಕೆ ಸ್ಪಷ್ಟವಾಗಿ ಕಾಣುವ ಚಿತ್ರವಿದ್ದರೆ ಈ ಕುಟುಂಬದ ಗುರುತು ಸುಲಭ. ರೆಕ್ಕೆಯ ನಡುವೆ, ಇತರ ನರಗಳಿಗೆ ಸರಿಯಾಗಿ ಸೇರದೆ ಮಡಿಕೆಯಂತೆ ಹಾದುಹೋಗುವ ಒಂದು ಸುಳ್ಳುನರ ಈ ಕುಟುಂಬದ ವಿಶೇಷ.

ಗುರುತಿಸುವುದರಿಂದ ಪ್ರಯೋಜನವೇನು? ಈ ಕುಟುಂಬದ ಅನೇಕ ಪ್ರಭೇದಗಳ ಮರಿಹುಳುಗಳು ಸಸ್ಯಹೇನುಗಳನ್ನು ತಿಂದು ಬದುಕುತ್ತವೆ. ಒಂದೊಂದು ಮರಿಹುಳುವೂ ಬೆಳೆದು ಕೋಶವಾಗುವುದರೊಳಗೆ ನೂರಾರು ಹೇನುಗಳನ್ನು ಮುಗಿಸಬಲ್ಲದು. ಎಲೆಯ ಮೇಲೆ ಜಿಗಣೆಯಂತೆ ತೆವಳುವ ಕಾಲಿಲ್ಲದ ಈ ಹುಳುವನ್ನು ಕಂಡು ಗಾಬರಿಯಾಗಿ ಔಷಧಿ ಸಿಂಪಡಿಸುವವರು, ತಮ್ಮ ಗಿಡದ ಕಾವಲುಗಾರನನ್ನೇ ಕೊಂದಂತಾಗುತ್ತದೆ. ಸಿಂಪಡಿಸುವ ಮೊದಲು ಒಂದು ಚಿತ್ರ ತೆಗೆದು, ತಿಳಿದವರಿಗೆ ತೋರಿಸುವಷ್ಟು ತಾಳ್ಮೆ ಆ ಗಿಡವನ್ನೂ ಉಳಿಸೀತು, ಔಷಧಿಯ ಖರ್ಚನ್ನೂ ಉಳಿಸೀತು.

ಇತರ ಕುಟುಂಬಗಳಿಗೂ ಚಿತ್ರದಲ್ಲೇ ಕಾಣುವ ಗುರುತುಗಳಿವೆ. ಮನೆನೊಣದ ಬೂದುಬಣ್ಣದ ಬೆನ್ನಿನ ಮೇಲೆ ನಾಲ್ಕು ಕಪ್ಪು ಗೆರೆಗಳಿರುತ್ತವೆ. ಮೂರು ದಪ್ಪ ಗೆರೆಗಳೂ, ಚದುರಂಗದ ಮಣೆಯಂಥ ಹೊಟ್ಟೆಯೂ ಕಂಡರೆ ಅದು ಮಾಂಸದ ನೊಣಗಳ ಕುಟುಂಬದ್ದು. ಮೀನು ಮಾರುಕಟ್ಟೆಯಲ್ಲಿ ಕಾಣುವ, ಲೋಹದಂತೆ ಹೊಳೆಯುವ ನೀಲಿ ಹಸಿರು ಮೈಯ, ದೊಡ್ಡ ಕೆಂಪು ಕಣ್ಣಿನ ನೊಣವು ಸಾಮಾನ್ಯವಾಗಿ ಕ್ರೈಸೊಮಿಯ ಮೆಗಾಸೆಫಾಲ. ಒಣಕಡ್ಡಿಯ ತುದಿಯಲ್ಲಿ ಕುಳಿತು, ಹಾದುಹೋಗುವ ಕೀಟಗಳ ಮೇಲೆರಗಿ ಹಿಡಿಯುವ ಬೇಟೆಗಾರ ನೊಣಗಳಿವೆ. ಇವುಗಳ ಎರಡು ಕಣ್ಣುಗಳ ನಡುವೆ ನೆತ್ತಿ ತಗ್ಗಾಗಿದ್ದು, ಮುಖದ ಮೇಲೆ ದಟ್ಟವಾದ ಗಡ್ಡವಿರುತ್ತದೆ. ಎಲೆಯ ಮೇಲೆ ಓಡಾಡುವ, ಬಂಗಾರ ಹಸಿರಿನ, ಉದ್ದ ಕಾಲಿನ ಸಣ್ಣ ನೊಣಗಳು ಡೊಲಿಕೊಪೊಡಿಡೆ ಕುಟುಂಬದವು. ಪಶ್ಚಿಮಘಟ್ಟದ ತೊರೆಗಳ ಅಂಚಿನಲ್ಲಿ, ತಲೆಯ ಎರಡು ಪಕ್ಕಗಳಿಗೆ ಚಾಚಿದ ಕಡ್ಡಿಗಳ ತುದಿಯಲ್ಲಿ ಕಣ್ಣುಗಳನ್ನು ಹೊತ್ತ ನೊಣಗಳು ಕಾಣಸಿಗುತ್ತವೆ. ಒಮ್ಮೆ ನೋಡಿದವರು ಅವನ್ನು ಮರೆಯಲಾರರು.

ಇಲ್ಲಿಯವರೆಗೆ ಹೇಳಿದುದು ಬಹುಮಟ್ಟಿಗೆ ಕುಟುಂಬಗಳ ಗುರುತು. ಕುಟುಂಬದಿಂದ ಪ್ರಭೇದಕ್ಕೆ ಇಳಿಯುವಾಗ ದಾರಿ ಕಿರಿದಾಗುತ್ತದೆ. ಮಾಂಸದ ನೊಣಗಳನ್ನೇ ತೆಗೆದುಕೊಳ್ಳಬಹುದು. ಇವುಗಳ ನೂರಾರು ಪ್ರಭೇದಗಳು ಮೇಲ್ನೋಟಕ್ಕೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಗಂಡುನೊಣದ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಡಿ ನೋಡಿದ ಮೇಲೆಯೇ ತಜ್ಞರೂ ಹೆಸರು ಹೇಳುವುದು ವಾಡಿಕೆ. ಎಷ್ಟೇ ಸುಂದರವಾದ ಚಿತ್ರವಾದರೂ ಇಲ್ಲಿ ಕುಟುಂಬದ ಹೆಸರಿಗೇ ನಿಲ್ಲಬೇಕಾಗುತ್ತದೆ.

ಈ ಮಾತಿನ ಮಹತ್ವ ತಿಳಿಯಬೇಕಾದರೆ ಹಣ್ಣಿನ ನೊಣಗಳ ಕಡೆ ನೋಡಬೇಕು. ಮಾವು, ಪೇರಲದ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುವ ಬ್ಯಾಕ್ಟ್ರೊಸೆರಾ ಕುಲದ ನೊಣಗಳಿವು. ಹೊರಗೆ ಚೆನ್ನಾಗಿ ಕಾಣುವ ಹಣ್ಣು ಒಳಗೆ ಹುಳುವಿನಿಂದ ಕೊಳೆತಿರುತ್ತದೆ. 2013ರಲ್ಲಿ ಭಾರತದಿಂದ ಹೋದ ಹಣ್ಣು ತರಕಾರಿಗಳ 207 ರವಾನೆಗಳಲ್ಲಿ ಹಣ್ಣಿನ ನೊಣ ಮೊದಲಾದ ಕೀಟಗಳು ಕಂಡುಬಂದವೆಂಬ ಕಾರಣದಿಂದ ಐರೋಪ್ಯ ಒಕ್ಕೂಟವು 2014ರ ಮೇ 1ರಿಂದ ಮಾವು, ಬದನೆ, ಕೆಸು, ಹಾಗಲ, ಪಡವಲಗಳ ಆಮದನ್ನು ನಿಷೇಧಿಸಿತು. ಕೊಂಕಣದ ಆಪೂಸ್ ಮಾವು ಯುರೋಪಿನ ಮಾರುಕಟ್ಟೆಗೆ ಹೋಗುವ ಋತುವಿನಲ್ಲೇ ಈ ಪೆಟ್ಟು ಬಿತ್ತು. ತಪಾಸಣೆಯ ವ್ಯವಸ್ಥೆ ಸುಧಾರಿಸಿದ ಮೇಲೆ 2015ರ ಜನವರಿಯಲ್ಲಿ ಮಾವಿನ ಮೇಲಿನ ನಿಷೇಧವನ್ನು ತೆಗೆಯಲಾಯಿತು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ನೊಣ ಸಾವಿರಾರು ಬೆಳೆಗಾರರ ಒಂದು ವರ್ಷದ ಗಳಿಕೆಯನ್ನು ಅಲುಗಾಡಿಸಿತು.

ಈ ಕುಲದಲ್ಲಿ ಚಿತ್ರವು ಒಂದಿಷ್ಟು ನೆರವಾಗುತ್ತದೆ. ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಪ್ರಭೇದದ ರೆಕ್ಕೆಯ ಮುಂದಂಚಿನಲ್ಲಿ ಕಿರಿದಾದ ಕಂದು ಪಟ್ಟಿ ತುದಿಯವರೆಗೂ ಕಡಿಯದೆ ಸಾಗುತ್ತದೆ. ಹೊಟ್ಟೆಯ ಮೇಲೆ ಇಂಗ್ಲಿಷಿನ ಟೀ ಅಕ್ಷರದಂಥ ಕಪ್ಪು ಗುರುತಿರುತ್ತದೆ. ಜೊನಾಟಾ ಮತ್ತು ಕರೆಕ್ಟಾ ಎಂಬ ಪ್ರಭೇದಗಳಲ್ಲಿ ಆ ಪಟ್ಟಿ ನಡುವೆ ತುಂಡಾಗಿ, ರೆಕ್ಕೆಯ ತುದಿಯಲ್ಲಿ ಬೇರೆಯೇ ಒಂದು ಚುಕ್ಕೆ ಉಳಿದಿರುತ್ತದೆ. ಹಾಗಲ, ಹೀರೆ, ಸೌತೆಗಳಿಗೆ ಬರುವ ನೊಣದ ಬೆನ್ನಿನ ನಡುವೆ ಹಳದಿ ಗೆರೆ ಕಾಣುತ್ತದೆ. ರೈತನು ಯಾವ ಮೋಹಕ ಬಲೆಯನ್ನು ತೂಗುಹಾಕಬೇಕೆಂಬುದು ಈ ಗುರುತಿನ ಮೇಲೆ ನಿಂತಿದೆ. ಮಾವಿನ ನೊಣಗಳ ಗಂಡುಗಳು ಮೀಥೈಲ್ ಯೂಜಿನಾಲಿನ ವಾಸನೆಗೆ ಬರುತ್ತವೆ. ಹಾಗಲದ ನೊಣವು ಅದಕ್ಕೆ ಬಾರದೆ ಕ್ಯೂಲೂರ್ ಎಂಬ ಬೇರೆ ವಸ್ತುವಿಗೆ ಬರುತ್ತದೆ. ಮೀಥೈಲ್ ಯೂಜಿನಾಲಿನ ಈ ಆಕರ್ಷಣೆಯನ್ನು 1915ರಲ್ಲಿ ತೋರಿಸಿಕೊಟ್ಟವನು ಬಿಹಾರದ ಪೂಸಾದಲ್ಲಿದ್ದ ಕೀಟವಿಜ್ಞಾನಿ ಹೌಲೆಟ್ ಎಂಬುದು ಸ್ಮರಣೀಯ.

ಆದರೂ ಎಚ್ಚರ ಬೇಕು. ಪೂರ್ವ ಆಫ್ರಿಕಕ್ಕೆ ಬಂದ ಹಣ್ಣಿನ ನೊಣವೊಂದನ್ನು 2005ರಲ್ಲಿ ಹೊಸ ಪ್ರಭೇದವೆಂದು ಹೆಸರಿಸಲಾಯಿತು. ವಂಶವಾಹಿ, ರೂಪ, ವಾಸನೆ, ಸಂಕರ ಮೊದಲಾದ ಅನೇಕ ದಿಕ್ಕುಗಳಿಂದ ಪರೀಕ್ಷಿಸಿದ ಮೇಲೆ, ಅದೂ ಡಾರ್ಸಾಲಿಸೂ ಒಂದೇ ಎಂದು 2015ರಲ್ಲಿ ತಜ್ಞರು ನಿರ್ಣಯಿಸಿದರು. ನೊಣವನ್ನು ಕೈಯಲ್ಲಿಟ್ಟುಕೊಂಡವರಿಗೇ ಹತ್ತು ವರ್ಷ ಹಿಡಿಯಿತೆಂದರೆ, ಚಿತ್ರವೊಂದನ್ನೇ ನೋಡಿ ಹೆಸರು ಹೇಳುವವರು ಎಷ್ಟು ವಿನಯದಿಂದಿರಬೇಕೆಂಬುದು ಸ್ಪಷ್ಟ.

ಭಾರತದ ನೊಣಗಳ ಅಧ್ಯಯನಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ವೃತ್ತಿಯಿಂದ ಸಂಗೀತಗಾರನಾಗಿದ್ದ ಎನ್ರಿಕೊ ಬ್ರುನೆಟ್ಟಿ ಎಂಬಾತನು ಕಲ್ಕತ್ತೆಯಲ್ಲಿ ನೆಲೆಸಿ, ಇಲ್ಲಿನ ನೊಣಗಳನ್ನು ಕುರಿತು 1912, 1920 ಮತ್ತು 1923ರಲ್ಲಿ ಮೂರು ಸಂಪುಟಗಳನ್ನು ಹೊರತಂದನು. 1916ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯು ಕೀಟಗಳ ಮಾದರಿಗಳನ್ನು ಸೂಜಿಗೆ ಚುಚ್ಚಿ, ಚೀಟಿ ಬರೆದು ಕಾಪಾಡಿಕೊಂಡು ಬಂದಿದೆ. ಆ ಒಣಗಿದ ಮಾದರಿಗಳಿಲ್ಲದಿದ್ದರೆ ಇಂದಿನ ಯಾವ ಚಿತ್ರಕ್ಕೂ ಹೆಸರು ದೊರೆಯುತ್ತಿರಲಿಲ್ಲ.

ಹಾಗೆಂದು ಚಿತ್ರವು ಮಾದರಿಯ ಬಡ ನೆಂಟನೇನೂ ಅಲ್ಲ. ದನಗಳ ರಕ್ತ ಹೀರುವ ಟೆಬಾನಿಡ್ ನೊಣಗಳ ಕಣ್ಣುಗಳಲ್ಲಿ ಹಸಿರು ಮತ್ತು ನೇರಳೆಯ ಪಟ್ಟೆಗಳು ಹೊಳೆಯುತ್ತವೆ. ನೊಣ ಸತ್ತು ಒಣಗಿದ ಮೇಲೆ ಆ ಬಣ್ಣ ಮಾಸಿಹೋಗುತ್ತದೆ. ಪೆಟ್ಟಿಗೆಯೊಳಗಿನ ಮಾದರಿ ಮರೆತ ಆ ಬಣ್ಣವನ್ನು ಚಿತ್ರವು ನೆನಪಿಟ್ಟುಕೊಳ್ಳುತ್ತದೆ. ಕುಳಿತಾಗ ರೆಕ್ಕೆಗಳನ್ನು ಹೇಗೆ ಹಿಡಿದಿತ್ತು, ಯಾವ ಹೂವಿನ ಮೇಲಿತ್ತು, ಯಾವ ಕೀಟವನ್ನು ಬೇಟೆಯಾಡಿತ್ತು ಎಂಬ ಸಂಗತಿಗಳೂ ಚಿತ್ರದಲ್ಲಿ ಉಳಿಯುತ್ತವೆ.

ಮಾದರಿ ಮತ್ತು ಚಿತ್ರಗಳ ನಡುವಣ ಈ ತೂಗಾಟ 2015ರಲ್ಲಿ ದೊಡ್ಡ ವಿವಾದವಾಯಿತು. ದಕ್ಷಿಣ ಆಫ್ರಿಕದಲ್ಲಿ ಕಂಡ, ದುಂಬಿಯನ್ನು ಹೋಲುವ ಒಂದು ನೊಣಕ್ಕೆ ಸ್ಟೀಫನ್ ಮಾರ್ಷಲ್ ಮತ್ತು ನೀಲ್ ಎವೆನ್‌ಹ್ಯೂಸ್ ಎಂಬ ವಿಜ್ಞಾನಿಗಳು ಮಾರ್ಲಿಮಿಯ ಜೈಲೊಕೋಪೆ ಎಂದು ಹೆಸರಿಟ್ಟರು. ಅವರ ಬಳಿ ಇದ್ದುದು ಛಾಯಾಚಿತ್ರಗಳು ಮಾತ್ರ. ನೊಣದ ದೇಹ ಇರಲಿಲ್ಲ. ಮುಂದೆ ಸಂದೇಹ ಬಂದರೆ ಮರುಪರೀಕ್ಷೆಗೆ ಏನನ್ನು ತೆಗೆದುಕೊಳ್ಳುವುದು ಎಂದು ಅನೇಕರು ಆಕ್ಷೇಪಿಸಿದರು. 2016ರಲ್ಲಿ ಇಂಥ ಕ್ರಮವನ್ನು ವಿರೋಧಿಸುವ ಪತ್ರವೊಂದಕ್ಕೆ 493 ಮಂದಿ ಸಹಿ ಹಾಕಿದರು. ಎಲ್ಲೆಡೆಯೂ ಕೀಟವನ್ನು ಹಿಡಿಯುವುದು ಸಾಧ್ಯವಾಗದು, ಸ್ಪಷ್ಟ ಚಿತ್ರವೂ ಒಂದು ಸಾಕ್ಷ್ಯವೇ ಎಂಬುದು ಇನ್ನೊಂದು ಪಕ್ಷದ ವಾದ. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಆಯೋಗವು 2017ರ ಘೋಷಣೆಯಲ್ಲಿ ಇಂಥ ನಾಮಕರಣವನ್ನು ನಿಷೇಧಿಸದೆ, ದೇಹದ ಮಾದರಿಯನ್ನು ಉಳಿಸಲಾಗದಿದ್ದ ಕಾರಣವನ್ನು ವಿವರಿಸಬೇಕೆಂದೂ, ಸಾಕಷ್ಟು ಎಚ್ಚರ ವಹಿಸಬೇಕೆಂದೂ ಸಲಹೆ ನೀಡಿತು. ಎರಡೂ ಪಕ್ಷಗಳಲ್ಲಿದ್ದ ಕಾಳಜಿ ಒಂದೇ: ಇಂದು ಹೇಳಿದ ಮಾತನ್ನು ನಾಳೆ ಬಂದವರು ಪರೀಕ್ಷಿಸುವಂತಿರಬೇಕು.

ಸಾಮಾನ್ಯ ನಾಗರಿಕನ ಒಂದು ಚಿತ್ರಕ್ಕೆ ಎಷ್ಟು ಬೆಲೆ ಬರಬಹುದೆಂಬುದಕ್ಕೆ ಸೊಳ್ಳೆಯ ಉದಾಹರಣೆ ಸಾಕು. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಗೆ 1901ರಲ್ಲಿ ಲಿಸ್ಟನ್ ಎಂಬಾತನು ಹೆಸರಿಟ್ಟದ್ದು ಭಾರತದಲ್ಲಿ ದೊರೆತ ಮಾದರಿಗಳಿಂದಲೇ. ಮುಂಬಯಿ, ಚೆನ್ನೈ, ದೆಹಲಿಯಂಥ ನಗರಗಳಲ್ಲಿ ಮಾಳಿಗೆಯ ತೊಟ್ಟಿ, ಬಾವಿ, ಕಟ್ಟಡ ನಿರ್ಮಾಣದ ನೀರುಗಳಲ್ಲಿ ಹುಟ್ಟಿ ಮಲೇರಿಯಾ ಹರಡುವ ಸೊಳ್ಳೆಯಿದು. 2012ರಲ್ಲಿ ಇದು ಆಫ್ರಿಕದ ಜಿಬೂತಿಯಲ್ಲಿ ಕಾಣಿಸಿಕೊಂಡಿತು. ಬಳಿಕ ಇಥಿಯೋಪಿಯ ಮೊದಲಾದ ದೇಶಗಳಿಗೆ ಹಬ್ಬಿತು. ಗ್ರಾಮೀಣ ಮಲೇರಿಯಾಕ್ಕೆ ಸಿದ್ಧವಾಗಿದ್ದ ಆ ಖಂಡದಲ್ಲಿ ನಗರದ ಮಲೇರಿಯಾ ಹೊಸ ಭೀತಿಯನ್ನು ತಂದಿತು. 2020ರಲ್ಲಿ ಮಡಗಾಸ್ಕರ್ ದ್ವೀಪದಿಂದ, ನೀರು ನಿಂತ ಹಳೆಯ ಟೈರಿನಲ್ಲಿದ್ದ ಸೊಳ್ಳೆಮರಿಯ ಚಿತ್ರವೊಂದನ್ನು ಮೊಬೈಲಿನ ಮೂಲಕ ನಾಗರಿಕ ವಿಜ್ಞಾನ ಯೋಜನೆಯೊಂದಕ್ಕೆ ಕಳುಹಿಸಲಾಯಿತು. ಅದು ಸ್ಟೀಫೆನ್ಸಿಯದ್ದಾಗಿರುವ ಸಂಭವವೇ ಹೆಚ್ಚೆಂದು ಸಂಶೋಧಕರು ಆನಂತರ ಅಭಿಪ್ರಾಯಪಟ್ಟರು. ಅಧಿಕಾರಿಗಳ ಕಣ್ಣಿಗೆ ಬೀಳುವ ಮೊದಲೇ ಒಂದು ಸಾಮಾನ್ಯ ಚಿತ್ರವು ಎಚ್ಚರಿಕೆಯ ಗಂಟೆ ಬಾರಿಸಿತು.

ಈ ಗುರುತಿನ ಮೊದಲ ಮೆಟ್ಟಿಲನ್ನು ಯಾರು ಬೇಕಾದರೂ ಏರಬಹುದು. ಅನಾಫಿಲಿಸ್ ಸೊಳ್ಳೆಯ ಮರಿಗೆ ಉಸಿರಾಟದ ಉದ್ದ ಕೊಳವೆಯಿಲ್ಲ. ಅದು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಕ್ಯೂಲೆಕ್ಸ್ ಮತ್ತು ಡೆಂಗಿ ಹರಡುವ ಈಡಿಸ್ ಮರಿಗಳು ತಲೆಕೆಳಗಾಗಿ ಜೋತಾಡುತ್ತವೆ. ಗೋಡೆಯ ಮೇಲೆ ಹಿಂಭಾಗವನ್ನೆತ್ತಿ ಓರೆಯಾಗಿ ಕೂರುವುದು ಸಾಮಾನ್ಯವಾಗಿ ಅನಾಫಿಲಿಸ್. ಮನೆಯ ತೊಟ್ಟಿಯನ್ನು ಒಮ್ಮೆ ಇಣುಕಿ ನೋಡಿದರೆ ಇಷ್ಟು ತಿಳಿಯುತ್ತದೆ.

ಉಪಯುಕ್ತ ಚಿತ್ರ ತೆಗೆಯಲು ಬೆಲೆಬಾಳುವ ಸಲಕರಣೆ ಬೇಕಿಲ್ಲ. ಕೆಲವು ಅಭ್ಯಾಸಗಳು ಬೇಕು. ಒಂದೇ ಚಿತ್ರಕ್ಕೆ ತೃಪ್ತರಾಗದೆ ಮೇಲಿನಿಂದ, ಪಕ್ಕದಿಂದ ಮತ್ತು ಎದುರಿನಿಂದ ಮೂರು ಚಿತ್ರಗಳನ್ನಾದರೂ ತೆಗೆಯಬೇಕು. ಮೇಲಿನ ಚಿತ್ರದಲ್ಲಿ ಬೆನ್ನಿನ ಗೆರೆ ಮತ್ತು ರೆಕ್ಕೆಯ ನರಗಳು, ಪಕ್ಕದ್ದರಲ್ಲಿ ಕಾಲು ಮತ್ತು ಬಿರುಗೂದಲು, ಎದುರಿನದ್ದರಲ್ಲಿ ಕಣ್ಣು, ಕುಡಿಮೀಸೆ ಮತ್ತು ಬಾಯಿ ದೊರೆಯುತ್ತವೆ. ಮುಂಜಾನೆಯ ತಂಪಿನಲ್ಲಿ ನೊಣಗಳು ಮಂದವಾಗಿರುವುದರಿಂದ ಹತ್ತಿರ ಹೋಗುವುದು ಸುಲಭ. ನೆರಳು ಮೇಲೆ ಬಿದ್ದರೆ ಹಾರಿಹೋಗುತ್ತವೆಯಾದ್ದರಿಂದ ನಿಧಾನವಾಗಿ, ತಗ್ಗಿನಿಂದ ಸಮೀಪಿಸಬೇಕು. ದಿನಾಂಕ, ಸ್ಥಳ, ಗಿಡದ ಹೆಸರು ಮತ್ತು ಅಂದಾಜು ಗಾತ್ರವನ್ನು ಬರೆದಿಡಬೇಕು; ಇವಿಲ್ಲದ ಚಿತ್ರ ವಿಳಾಸವಿಲ್ಲದ ಕಾಗದದಂತೆ. ಸುಂದರವಾಗಿ ಕಾಣಲೆಂದು ಬಣ್ಣವನ್ನು ತಿದ್ದಬಾರದು.

ಚಿತ್ರ ನೋಡಿ ಹೆಸರು ಹೇಳುವ ಗಣಕಯಂತ್ರದ ಸೌಲಭ್ಯಗಳು ಈಗ ಬಂದಿವೆ. ಇವು ದಾರಿ ತೋರಿಸಬಲ್ಲವು, ತೀರ್ಪು ನೀಡಲಾರವು. ಹೆಚ್ಚು ಚಿತ್ರಗಳು ದೊರೆತ ಪ್ರಭೇದಗಳ ಕಡೆಗೆ ಯಂತ್ರದ ಒಲವು ಸಹಜ. ಯುರೋಪಿನಲ್ಲಿ ಮಾತ್ರ ಬಾಳುವ ನೊಣದ ಹೆಸರನ್ನು ಅದು ಹೈದರಾಬಾದಿನ ತೋಟದ ನೊಣಕ್ಕೆ ಸೂಚಿಸಿದರೆ, ಒಪ್ಪುವ ಮೊದಲು ಆ ನೊಣ ಈ ದೇಶದಲ್ಲಿ ದಾಖಲಾಗಿದೆಯೇ ಎಂದು ಕೇಳಬೇಕು. ತಪ್ಪು ಹೆಸರು ಒಮ್ಮೆ ದಾಖಲೆಗೆ ಸೇರಿದರೆ ಅದನ್ನು ನಂಬಿ ಇನ್ನೊಬ್ಬರು, ಅವರನ್ನು ನಂಬಿ ಮತ್ತೊಬ್ಬರು ಎಡವುತ್ತಾರೆ. ಕುಟುಂಬದ ಹೆಸರಷ್ಟೇ ಖಚಿತವಾಗಿದ್ದರೆ ಅಷ್ಟನ್ನೇ ಬರೆದು ನಿಲ್ಲಿಸುವುದು ಸೋಲಲ್ಲ. ವಿಜ್ಞಾನದಲ್ಲಿ ಅದೇ ಪ್ರಾಮಾಣಿಕತೆ.

ಸಭಿಕರೇ, ನೊಣವೆಂದರೆ ಓಡಿಸಬೇಕಾದ ಪ್ರಾಣಿ ಎಂದೇ ಎಲ್ಲರೂ ಬೆಳೆದುಬಂದಿದ್ದಾರೆ. ಓಡಿಸುವ ಮೊದಲು ಒಂದು ಕ್ಷಣ ನೋಡಬಹುದು. ಅದು ಹೂವಿಗೆ ಕಾಯಿ ಕಟ್ಟಿಸುವ ನೊಣವಾಗಿರಬಹುದು, ಗಿಡದ ಹೇನನ್ನು ತಿಂದು ಬೆಳೆದ ನೊಣವಾಗಿರಬಹುದು, ಅಥವಾ ಊರಿಗೆ ಹೊಸದಾಗಿ ಬಂದ ಅಪಾಯವೇ ಆಗಿರಬಹುದು. ಯಾವುದೆಂದು ತಿಳಿಯುವ ಮೊದಲ ಸಾಧನ ಇಂದು ಪ್ರತಿಯೊಬ್ಬರ ಜೇಬಿನಲ್ಲಿದೆ. ಅದರೊಡನೆ ತಾಳ್ಮೆಯೂ, ತಿಳಿಯದುದನ್ನು ತಿಳಿಯದೆಂದು ಹೇಳುವ ಧೈರ್ಯವೂ ಸೇರಿದರೆ, ಒಂದು ಬಾಲ್ಕನಿಯ ಚಿತ್ರವೂ ದೇಶದ ಜ್ಞಾನಭಂಡಾರಕ್ಕೆ ಸಲ್ಲುವ ಕಾಣಿಕೆಯಾಗುತ್ತದೆ.